ಸಿಡಿಲಿಗೆ ಸೂಟಿ ಬೇಡುತ್ತಿದ್ದವರು

ಕೊಲ್ಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಂಕುಳಲ್ಲಿ ಕೂಸು, ಹೆಗಲಿಗೆ ಚೀಲ. ನನಗೆ ಗುರುತು ಸಿಗಲಿಲ್ಲ.

"ಗುರ್ತ ಹತ್ತಲಿಲ್ಲೇನ್ರಿ ಸರ? ಇಚಲಕರಂಜಿ ಜಾಬರ ಮಗಳ್ರಿ ನಾ."

ಆಮೇಲೆ ಗುರುತು ಹತ್ತಿತು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. "ಅಪ್ಪಾ ಹೋದ್ರಲ್ರಿ. ಕಾರಹುಣ್ಣಿವಿ ಹಿಂದಿನ ವಾರ" ಎಂದಳು. ಅಳಲಿಲ್ಲ, ಅಳುವ ದಿನಗಳು ಮುಗಿದಿರಬೇಕು. ಇಂಥ ಹೊತ್ತಿನಲ್ಲಿ ಎಲ್ಲರೂ ಆಡುವ ನಾಲ್ಕು ಮಾತು ನಾನೂ ಆಡಿದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಕೂಸಿನ ಕೈಗೆ ಎಂಟಾಣೆ ಕೊಟ್ಟು ಹತ್ತಿ ಕೂತೆ. ಕಾಗಲ ದಾಟುವವರೆಗೂ ಆ ಮನುಷ್ಯನ ಬಗ್ಗೆ ನನಗೆ ಏನೇನು ಗೊತ್ತು ಎಂದು ನೆನೆಯುತ್ತಿದ್ದೆ. ಹೆಚ್ಚೇನೂ ಗೊತ್ತಿರಲಿಲ್ಲ. ಗೊತ್ತಿದ್ದಷ್ಟು ಇಲ್ಲಿದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಇಚಲಕರಂಜಿಯ ಒಂದು ಶಾಲೆಗೆ ಮಾಸ್ತರನಾಗಿ ಹೋದೆ. ನನ್ನ ಊರು ಗಡಹಿಂಗ್ಲಜ. ಬಾಡಿಗೆಗೆ ಸಿಕ್ಕ ಕೋಣೆ ಒಂದು ಓಣಿಯಲ್ಲಿತ್ತು. ಓಣಿಯ ಕೊನೆಗೆ ಪಾವರ್‌ಲೂಮಿನ ಶೆಡ್ಡು. ಹಗಲೂ ರಾತ್ರಿ ಪಾಳಿ ನಡೆಯುತ್ತಿತ್ತು. ಬಿಂದಿಗೆಯ ನೀರು ಕೂಡ ಸಣ್ಣಗೆ ನಡುಗುತ್ತಿತ್ತು. ಆ ಊರಿಗೆ ಹೊಸದಾಗಿ ಬಂದವರಿಗೆ ಮೊದಮೊದಲು ಸದ್ದಿನಿಂದ ನಿದ್ದೆ ಬರುವುದಿಲ್ಲ. ಕೆಲವು ದಿನ ಕಳೆದ ಮೇಲೆ ಸದ್ದು ನಿಂತರೆ ನಿದ್ದೆ ಬರುವುದಿಲ್ಲ.

ಆ ಹೆಣ್ಣುಮಗಳ ಅಪ್ಪ ನನ್ನ ಎದುರು ಮನೆಯವರು. ಆ ಶೆಡ್ಡಿನಲ್ಲಿ ಜಾಬರ್. ಜಾಬರ್ ಎಂದರೆ ಮಗ್ಗ ಕೆಟ್ಟರೆ ಸರಿಮಾಡುವವನು, ಪಾಳಿಯಲ್ಲಿ ನೇಯುವವರ ಮೇಲಿನವನು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಓಣಿಗೆಲ್ಲ ಜಾಬರ ಕಾಕಾ. ಅವರ ಹೆಂಡತಿ ಕಾಕು. ಕಾಕಾ ಹುಕ್ಕೇರಿ ಕಡೆಯಿಂದ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಬಂದವರು. ಉದ್ದ ಆಳು, ಬಡಕಲು ಮೈ, ತಲೆಗೆ ಬಿಳಿ ಟೋಪಿ. ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ನವಿರು ಅಂಟಿಕೊಂಡಿರುತ್ತಿತ್ತು. ಸ್ನಾನ ಮಾಡಿ ಬಂದರೂ ಎಲ್ಲೋ ಒಂದು ಎಳೆ ಉಳಿದಿರುತ್ತಿತ್ತು. ಅವರಿಗೆ ಒಂದು ಅಭ್ಯಾಸವಿತ್ತು: ಏನನ್ನೇ ಆಗಲಿ ಅಂಗೈಯಿಂದ ಮುಟ್ಟಿ ನೋಡುವುದು. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತು, ಬೇಕಾದ ಬೋಲ್ಟು ಬಿಗಿಯುತ್ತಿದ್ದರಂತೆ. ಅಂಗೈ ಊರುವುದು ಮನೆಯಲ್ಲೂ ಇತ್ತು, ಬಾಗಿಲ ಚೌಕಟ್ಟಿನ ಮೇಲೆ, ಗೋಡೆಯ ಮೇಲೆ.

ಓಣಿಯಲ್ಲಿ ಅವರಿಗೆ ಇನ್ನೊಂದು ಹೆಸರಿತ್ತು. ಕೇಳುವ ಮನುಷ್ಯ ಎಂದು. ಸಂಜೆ ಪಾಳಿ ಬದಲಾದ ಮೇಲೆ ಅವರ ಕಟ್ಟೆಯ ಮೇಲೆ ಯಾರಾದರೂ ಒಬ್ಬರು ಕೂತಿರುತ್ತಿದ್ದರು. ಹೆಂಡತಿ ತವರಿಗೆ ಹೋದವನು, ಅಣ್ಣನೊಡನೆ ಜಗಳಾಡಿದವನು, ಸೊಸೆಯ ಮೇಲೆ ದೂರು ಹೊತ್ತ ಮುದುಕಿ. ಕಾಕಾ ಹೇಳುವವರ ಮುಖದ ಮೇಲೆ ನೆಟ್ಟ ನೋಟವನ್ನು ಕೀಳುತ್ತಿರಲಿಲ್ಲ. ನಡುವೆ ಬಾಯಿ ಹಾಕುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಸಣ್ಣ ದನಿಯಲ್ಲಿ, "ಹೌದ್ರಿ. ಸ್ವಲ್ಪ ತಡೀರಿ. ತಾನ ಹಾದಿಗಿ ಬರತೈತಿ" ಎನ್ನುತ್ತಿದ್ದರು. ಹೆಚ್ಚಿನ ಮಾತು ಇಲ್ಲ. ಬಂದವರು ಹಗುರಾಗಿ ಎದ್ದು ಹೋಗುತ್ತಿದ್ದರು. ನಾನೂ ಒಮ್ಮೆ ನಮ್ಮ ಹೆಡ್‌ಮಾಸ್ತರರ ಮೇಲಿನ ಸಿಟ್ಟನ್ನೆಲ್ಲ ಅಲ್ಲಿ ಕೂತು ಕಾರಿಕೊಂಡಿದ್ದುಂಟು. ಅಷ್ಟು ಗಮನ ಕೊಟ್ಟು ನನ್ನ ಮಾತು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಕ್ಲಾಸಿನಲ್ಲಂತೂ ಯಾರೂ ಇರಲಿಲ್ಲ.

ಕಾಕು ತದ್ವಿರುದ್ಧ. ಮುಂಜಾನೆ ಒಲೆ ಹೊತ್ತಿಸುವಾಗ ಹಿಡಿದ ಮಾತು ರಾತ್ರಿ ದೀಪ ಸಣ್ಣದು ಮಾಡುವವರೆಗೆ ಬಿಡುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ, ಒಲೆಯ ಕಡೆ ಮುಖ ಮಾಡಿಕೊಂಡೇ ಗಂಡನಿಗೆ ನೂರು ಸಂಗತಿ ಹೇಳುವಳು. ಗಂಡ ಕಟ್ಟೆಯ ಮೇಲೆ ಸುಮ್ಮನೆ ಕೂತಿರುವರು. ಒಮ್ಮೆ ನನ್ನನ್ನು ನೋಡಿ, "ನಮ್ಮವ್ರು ಮಾತಿಗಿ ತಿರಗಿ ಮಾತಾಡಾಕ ಸಂಬಳಾ ಕೇಳತಾರ್ರಿ ಮಾಸ್ತರ" ಎಂದಳು. ಕಾಕಾ ನಮ್ಮಿಬ್ಬರ ಮುಖ ನೋಡಿ ನಕ್ಕರು.

ಮೇ ತಿಂಗಳ ಮೊದಲ ಅಡ್ಡಮಳೆ ಬರುವಾಗ ಇಚಲಕರಂಜಿಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮಧ್ಯಾಹ್ನ ಇಳಿದ ಮೇಲೆ ಗಾಳಿ ಏಳುತ್ತದೆ, ಧೂಳು, ಗುಡುಗು. ತಕ್ಷಣ ಕರೆಂಟು ಹೋಗುತ್ತದೆ. ಆಗ ಊರಿನ ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಲ್ಲುತ್ತವೆ. ಅಂಥ ಮೌನ ಹಳ್ಳಿಯಲ್ಲೂ ಸಿಗದು. ಜನ ಒಣಹಾಕಿದ ಬಟ್ಟೆ, ಮೆಣಸಿನಕಾಯಿ ಎತ್ತಿಕೊಂಡು ಒಳಗೆ ಓಡುತ್ತಾರೆ. ಆ ಹೊತ್ತಿಗೆ ಕಾಕಾ ಶೆಡ್ಡಿನಿಂದ ಹೊರಬಂದು ಬರೀ ಬನಿಯನ್ನಿನಲ್ಲಿ ತಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ಮುಖ ಪಶ್ಚಿಮಕ್ಕೆ. ಕಾಕು ಒಳಗಿನಿಂದ, "ಸಿಡ್ಲ ಬಡಿಸಿಕೊಂಡ ಸಾಯಬೇಕಂತ ಮಾಡ್ಯಾರೋ ಏನೋ" ಎಂದು ಗೊಣಗುತ್ತಿದ್ದಳು. ಅವಳಿಗೆ ಗುಡುಗೆಂದರೆ ಜೀವ ಹೋದಷ್ಟು ಭಯ. ಮಿಂಚು ಬಂದರೆ ಕಂಬಳಿ ಹೊದ್ದು ಮೂಲೆ ಸೇರುವಳು.

"ಇಲ್ಲೇನೈತ್ರಿ ಮಾಸ್ತರ, ಬಯಲ" ಎಂದರು ಕಾಕಾ ಒಂದು ಸಲ. "ಮಳಿ ನೋಡಬೇಕಂದ್ರ ನಿಮ್ಮ ಕಡೆ, ಗುಡ್ಡದಾಗ ನೋಡಬೇಕು."

ನಮ್ಮ ಕಡೆ ಎಂದರೆ ಗಡಹಿಂಗ್ಲಜದ ಕಡೆ. ಸಾಮಾನಗಡ ಕೋಟೆಯ ಗುಡ್ಡದ ಬುಡದ ಒಂದು ಹಳ್ಳಿಗೆ ಅವರ ಅಕ್ಕನನ್ನು ಕೊಟ್ಟಿತ್ತು. ಪ್ರತಿವರ್ಷ ಮೇ ತಿಂಗಳಲ್ಲಿ ಅವರು ರಜೆ ಹಾಕಿ, ನಿಪ್ಪಾಣಿ, ಸಂಕೇಶ್ವರದ ಮೇಲೆ ಬಸ್ಸು ಹಿಡಿದು ಅಕ್ಕನ ಊರಿಗೆ ಹೋಗುತ್ತಿದ್ದರು, ಒಬ್ಬರೇ. ಸಂಜೆಯಾದರೆ ಗಡದ ಇಳಿಜಾರಿನ ಮಾರುತಿ ಗುಡಿಯ ಕಟ್ಟೆಗೆ ಹೋಗಿ ಕೂರುವುದು, ಅಷ್ಟೇ ಕೆಲಸ. ಶೆಡ್ಡಿನ ಮಾಲಕರು ಜೈನರು, ಊರಿನಲ್ಲಿ ತಲೆತಲಾಂತರದಿಂದ ಇದ್ದವರು, ಒಳ್ಳೆಯ ಮಾತುಗಾರರು. ಶಾಲೆಯ ಕೆಲಸಕ್ಕೆಂದು ಹೋದಾಗ ನನಗೆ ಹೇಳಿದ್ದರು: "ಎಲ್ಲಾರೂ ಲಗ್ನಕ್ಕ ಸೂಟಿ ಬೇಡತಾರ, ಉಗಾದಿಗಿ ಬೇಡತಾರ. ನಮ್ಮ ಜಾಬರ ಸಿಡ್ಲಿಗಿ ಸೂಟಿ ಬೇಡತಾನ ನೋಡ್ರಿ. ಕೊಡ್ಲಿಲ್ಲಂದ್ರ ಮಾರಿ ಸಣ್ಣದ ಮಾಡತಾನ. ಕೊಟ್ಟಬಿಡತೇನಿ."

ಅರವತ್ತರ ದಶಕ ಅರ್ಧ ಸರಿದಿತ್ತು. ಆ ವರ್ಷ ಬೇಸಿಗೆಯ ಆರಂಭದಲ್ಲಿ ಶೆಡ್ಡಿನಲ್ಲಿ ಒಂದು ಅಪಘಾತವಾಯಿತು. ಆಗ ಅಲ್ಲಿ ಮಗ್ಗಗಳೆಲ್ಲ ಮೇಲಿನ ಒಂದೇ ಉದ್ದ ದಂಡದಿಂದ, ಚರ್ಮದ ಪಟ್ಟಾಗಳ ಮೂಲಕ ತಿರುಗುತ್ತಿದ್ದವು. ರಾಯಬಾಗ ಕಡೆಯಿಂದ ಹೊಸದಾಗಿ ಬಂದಿದ್ದ ಒಬ್ಬ ನೇಯುವ ತರುಣನ ಅಂಗಿಯ ತೋಳು ಪಟ್ಟಾಕ್ಕೆ ಸಿಕ್ಕಿತು. ಅವನು ಕೂಗಿಕೊಂಡ. ನಾಲ್ಕಾರು ಮಗ್ಗ ಆಚೆ ಇದ್ದವನೊಬ್ಬ ಓಡಿಬಂದು ಸ್ವಿಚ್ಚು ಆರಿಸಿದ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಬಲಗೈ ಮೊಣಕೈಯ ತನಕ ನುಜ್ಜಾಯಿತು. ಆಸ್ಪತ್ರೆಯಿಂದ ಬಂದಾಗ ಆ ಕೈ ಇದ್ದೂ ಇಲ್ಲದಂತಾಗಿತ್ತು. ಅವನಿಗೆ ಹೆಂಡತಿ, ಹಾಲು ಕುಡಿಯುವ ಮಗು.

ಮಾಲಕರು ವಿಚಾರಿಸಿದರು. ಸಡಿಲ ತೋಳಿನ ಅಂಗಿ ಹಾಕಿಕೊಂಡು ಮಗ್ಗದ ಹತ್ತಿರ ಬರಬಾರದೆಂದು ಎಲ್ಲರಿಗೂ ಹೇಳಿದ್ದುಂಟು. ಅವನು ಹಾಕಿಕೊಂಡಿದ್ದ. ತಪ್ಪು ಅವನದೇ ಎಂದು ತೀರ್ಮಾನವಾಯಿತು. ಅವನ ಜಾಗಕ್ಕೆ ಬೇರೆಯವನು ಬಂದ. ಮಳೆಗಾಲಕ್ಕೆ ಮುಂಚೆ ಆ ಕುಟುಂಬ ಊರಿಗೆ ಹಿಂತಿರುಗುವುದೆಂದು ಓಣಿಯಲ್ಲಿ ಮಾತಾಯಿತು. ಆ ಪಾಳಿ ಕಾಕಾನದು. ಅವರು ಆಗ ಸ್ವಿಚ್ಚಿನ ಪಕ್ಕದಲ್ಲೇ ಬೆನ್ನು ಮಾಡಿ ಬಗ್ಗಿ ಏನೋ ರಿಪೇರಿ ಮಾಡುತ್ತಿದ್ದರಂತೆ. ಅದರಲ್ಲಿ ವಿಶೇಷವೇನೂ ಯಾರಿಗೂ ಕಾಣಲಿಲ್ಲ.

ಆ ಮೇ ತಿಂಗಳಲ್ಲಿ ನಾನು ಗಡಹಿಂಗ್ಲಜದ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಸೈಕಲ್ ಹತ್ತಿ ಅವರ ಅಕ್ಕನ ಹಳ್ಳಿಗೆ ಹೋದೆ. ಅಷ್ಟು ವರ್ಷ ಕರೆದಿದ್ದರು, ಹೋಗಿರಲಿಲ್ಲ. ಅಕ್ಕ ಮಜ್ಜಿಗೆ ಕೊಟ್ಟು, "ಈ ಸಲ ಬಂದಾಗಿಂದ ಊಟಾನ ಸರಿ ಮಾಡವಲ್ಲ. ಏನಾಗೇತಿ ಅಂತ ನೀವರ ಕೇಳ್ರಿ. ಗುಡಿ ಕಡೆ ಹೋಗ್ಯಾನ" ಎಂದರು. ನಾನು ಸೈಕಲ್ ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ.

ಕಾಕಾ ಗುಡಿಯ ಮುಂದಿನ ಕಲ್ಲಿನ ಮಂಟಪದಲ್ಲಿ ಕೂತಿದ್ದರು. ನನ್ನನ್ನು ಕಂಡು ಸರಿದು ಜಾಗ ಮಾಡಿದರು. ಅಲ್ಲಿಂದ ಪಶ್ಚಿಮದ ಕಡೆ ಕಣ್ಣಿಗೆ ಅಡ್ಡ ಏನೂ ಇಲ್ಲ. ಕೆಳಗೆ ಕಬ್ಬಿನ ಹಸಿರು ಪಟ್ಟಿಗಳು, ಅವುಗಳ ನಡುವೆ ಉತ್ತು ಬಿಟ್ಟ ಕೆಂಪು ಹೊಲಗಳು, ದೂರದಲ್ಲಿ ಆಜರೆಯ ಕಡೆಯ ಗುಡ್ಡಗಳು, ಅವುಗಳ ಹಿಂದೆ ಸಹ್ಯಾದ್ರಿಯ ಗೆರೆ. ನಾನು ಹೋದಾಗ ಆ ಗೆರೆಯ ಮೇಲೆ ಮೋಡ ಹೂಕೋಸಿನ ಹಾಗೆ ಏಳುತ್ತಿತ್ತು. ನೋಡುತ್ತಿದ್ದಂತೆ ಅದರ ಬುಡ ಕಪ್ಪಾಯಿತು. ಗಾಳಿ ಪೂರಾ ನಿಂತುಬಿಟ್ಟಿತು. ದನ ಕಾಯುವವರು ಹೊಯ್ ಹೊಯ್ ಎನ್ನುತ್ತ ದನಗಳನ್ನು ಇಳಿಜಾರಿಗೆ ಹೊಡೆದುಕೊಂಡು ಹೋದರು. ಗುಡ್ಡದ ಗೆರೆ ಮೊದಲು ನೀಲಿಯಾಗಿತ್ತು; ಆಮೇಲೆ ಗೆರೆಯೇ ಇಲ್ಲವಾಯಿತು. ಮಳೆ ಅದನ್ನು ಮುಚ್ಚಿಕೊಂಡು ನಮ್ಮ ಕಡೆ ಬರುತ್ತಿತ್ತು. ಮೋಡದ ಹೊಟ್ಟೆಯೊಳಗೆ ಮಿಂಚು ಹತ್ತಿ ಆರುತ್ತಿತ್ತು. ಗುಡುಗು ಬರಲು ಹೊತ್ತು ಹಿಡಿಯುತ್ತಿತ್ತು. ಬಂದಾಗ ಒಂದು ಗುಡ್ಡಕ್ಕೆ ಬಡಿದು ಇನ್ನೊಂದಕ್ಕೆ ಉರುಳಿ, ಮುಗಿಯಿತು ಎನ್ನುವಾಗ ಮತ್ತೆ ಎಲ್ಲಿಂದಲೋ ಎದ್ದು ಬರುತ್ತಿತ್ತು.

ಕಾಕಾ ಅಂಗೈಯನ್ನು ಮಂಟಪದ ಕಂಬಕ್ಕೆ ಒತ್ತಿ ಹಿಡಿದಿದ್ದರು. ಪ್ರತಿ ಗುಡುಗಿಗೂ ಅವರ ಮುಖ ಸಡಿಲವಾಗುತ್ತಿತ್ತು.

"ಆ ಹುಡುಗ ಕೂಗಿದ್ನಂತ" ಎಂದರು ಇದ್ದಕ್ಕಿದ್ದಂತೆ.

ಯಾವ ಹುಡುಗ ಎಂದು ನಾನು ಕೇಳಬೇಕಾಗಿರಲಿಲ್ಲ. "ಅಷ್ಟು ಮಗ್ಗದ ಸದ್ದಿನಾಗ ಯಾರಿಗಿ ಕೇಳತೈತಿ ಬಿಡ್ರಿ ಕಾಕಾ" ಎಂದೆ.

"ಎಲ್ಲಾರಿಗೂ ಕೇಳೇತ್ರಿ. ಆ ತುದಿಯಾಗ ಇದ್ದಾಂವಗ ಕೇಳೇತಿ. ನಾ ಸ್ವಿಚ್ಚಿನ ಬಾಜೂಕ ಇದ್ದೆ. ನನಗ ಕೇಳಿಲ್ಲ."

ನಾನು ಅವರ ಕಡೆ ತಿರುಗಿ ಕೂತೆ.

"ಈಗ ನನಗ ಕೇಳೂದು ಇದೊಂದ ನೋಡ್ರಿ" ಎಂದು ಮೋಡದ ಕಡೆ ಕೈ ಮಾಡಿದರು. "ಉಳದದ್ದೆಲ್ಲಾ ಹೋತು. ಮೊದ್ಲ ಹಕ್ಕಿ ಹೋದೂವು. ಮನಿ ಮುಂದ ಗುಬ್ಬಿ ಕುಂತಿರತಿದ್ದೂವು, ಬಾಯಿ ತಗೀತಿದ್ದೂವು, ಸದ್ದ ಇಲ್ಲ. ಆಮ್ಯಾಲೆ ಕೂಸಿನ ಅಳೂ ಹೋತು. ಆಮ್ಯಾಲೆ ನಮ್ಮಾಕಿ."

"ಕಾಕುಗ ಗೊತ್ತೈತೇನು?"

ಅವರು ನನ್ನ ಬಾಯಿ ನೋಡಿ, "ಇಲ್ರಿ" ಎಂದರು. "ಮಾತಾಡವ್ರ ಮಾರಿ ನೋಡತಿದ್ದರ ತಿಳೀತೈತಿ ನನಗ. ಬೆನ್ನ ಮಾಡಿದ್ರ ಮುಗೀತು. ಯಾರಿಗೂ ಹೇಳಿಲ್ಲ. ಕಿವಿ ಇಲ್ಲದ ಜಾಬರನ್ನ ಯಾರ ಇಟಕೋತಾರು? ಮ್ಯಾಲೆ ಮಗಳ ಲಗ್ನದ ಮಾತ ನಡದೈತಿ, ಸಂಕೇಶ್ವರದಾವ್ರು. ಅವ್ರಿಗಿ ಗೊತ್ತಾದ್ರ ಈ ಮನಿತನದ ರಕ್ತದಾಗ ಐತಿ ಅಂತಾರ. ಆಕಿನ್ನ ಯಾರ ಮಾಡಕೋತಾರು?"

ಅಷ್ಟು ಉದ್ದದ ಮಾತು ಅವರಿಂದ ನಾನು ಕೇಳಿದ್ದು ಅದೇ ಮೊದಲು. ಓಣಿಯವರೆಲ್ಲ ಅವರ ಕಟ್ಟೆಯ ಮೇಲೆ ಸುರಿದುಹೋದ ಮಾತುಗಳಲ್ಲಿ ಎಷ್ಟು ಅವರಿಗೆ ತಲುಪಿದ್ದವು ಎಂಬ ಯೋಚನೆ ನನಗೆ ಆಗಲೇ ಬಂತು. ಅದನ್ನು ಕೇಳಲಿಲ್ಲ. ಹೊಳೆದ ಸಲಹೆ ಹೇಳಿದೆ. ಅವರು ಒಪ್ಪಿಕೊಂಡರೂ ಆ ತರುಣನ ಕೈ ಬರುವುದಿಲ್ಲ; ಇವರ ಕೆಲಸ ಹೋಗುತ್ತದೆ, ಮಗಳ ಮದುವೆ ತಪ್ಪುತ್ತದೆ. ಮದುವೆ ಮುಗಿಯುವವರೆಗಾದರೂ ಸುಮ್ಮನಿರುವುದು ಒಳ್ಳೆಯದು. ಯಾರಿಗೂ ಅನುಮಾನವಿಲ್ಲ. ನಾನಂತೂ ಯಾರಿಗೂ ಹೇಳುವುದಿಲ್ಲ. ಅವರಿಗೆ ತಿಳಿಯಲೆಂದು ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಕ್ಲಾಸಿನಲ್ಲಿ ಉಕ್ತಲೇಖನ ಹೇಳಿದ ಹಾಗಿತ್ತು.

ಅವರು ಎಂದಿನಂತೆ ನೆಟ್ಟ ನೋಟದಿಂದ ಕೇಳಿದರು. "ಹೌದ್ರಿ" ಎಂದರು.

ಅಷ್ಟರಲ್ಲಿ ಹತ್ತಿರವೇ ಸಿಡಿಲು ಬಿತ್ತು. ಬೆಳಕು, ಸದ್ದು ಕೂಡಿಯೇ ಬಂದವು. ನಾನು ಕಿವಿ ಮುಚ್ಚಿಕೊಂಡೆ. ಕಾಕಾ ಕೈ ಎತ್ತಿ, ಮಾತಾಡುತ್ತಿರುವ ಮಕ್ಕಳನ್ನು ಸುಮ್ಮನಾಗಿಸುವ ಹಾಗೆ ನನ್ನ ಕಡೆ ಸನ್ನೆ ಮಾಡಿ, ಅದು ಕೊನೆಯ ಗುಡ್ಡದಲ್ಲಿ ಕರಗುವವರೆಗೆ ಹಾಗೇ ಇದ್ದರು. ಆಮೇಲೆ ಆಲಿಕಲ್ಲು ಬಿತ್ತು, ಆಮೇಲೆ ಮಳೆ. ಮಳೆ ನಿಂತಾಗ ಇಳಿಜಾರೆಲ್ಲ ಕೆಂಪು ನೀರು. ನಾವಿಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆವು.

ಮರುದಿನ ಬೆಳಗಿನ ಬಸ್ಸಿಗೇ ಅವರು ಇಚಲಕರಂಜಿಗೆ ಹೋದರೆಂದು ಅವರ ಅಕ್ಕ ಸಂತೆಗೆ ಬಂದಾಗ ಹೇಳಿದರು. ರಜೆ ಇನ್ನೂ ಉಳಿದಿತ್ತು.

ಮುಂದೆ ನಡೆದದ್ದನ್ನು ಮಾಲಕರೇ ನನಗೆ ಹೇಳಿದರು. ಕಾಕಾ ಬಸ್ಸಿಳಿದವರು ನೇರ ಅವರ ಮನೆಗೆ ಹೋಗಿ, ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ನಿಂತು, "ಸಾವಕಾರ, ನನಗ ಕಿವಿ ಕೇಳೂದಿಲ್ರಿ. ಭಾಳ ವರ್ಷಾತು. ಆ ಹುಡುಗ ಕೂಗಿದ್ದು ಕೇಳಿಲ್ಲ. ಕೇಳಿದ್ರ ಸ್ವಿಚ್ ಆರಸತಿದ್ದೆ" ಎಂದರಂತೆ.

"ನಾ ಏನ ಅಂದ್ನಿ ಗೊತ್ತೇನ್ರಿ ಮಾಸ್ತರ?" ಎಂದರು ಮಾಲಕರು. "ಇದನ್ನ ನನಗ ಯಾಕ ಹೇಳಿದ್ಯೋ ಮಾರಾಯಾ ಅಂದ್ನಿ. ಹೇಳದ ಇದ್ದಿದ್ರ ನಾ ಕೇಳತಿದ್ನೇನು? ಈಗ ಹೇಳಿ ನನ್ನ ಕೈ ಕಟ್ಟಿದಿ. ನಿನ್ನ ಮಗ್ಗಕ್ಕ ಇಟಕೊಳ್ಳಾಕ ಬರೂದಿಲ್ಲ, ಅವಂದ ತಪ್ಪ ಅಂತ ಅವನ್ನ ಹೊರಗ ಹಾಕಾಕೂ ಬರೂದಿಲ್ಲ. ನನ್ನ ಕಡೆ ಇರೂದು ಒಂದ ಜಾಗಾ, ಗೇಟ ಕಾಯೂದು. ನಿನಗ ಕೊಡ್ಲೋ, ಅವಗ ಕೊಡ್ಲೋ, ನೀನ ಹೇಳು ಅಂದ್ನಿ."

"ಏನಂದ್ರು?"

"ಗೇಟ ಕಾಯಾಕ ಕಿವಿ ಬೇಕ್ರಿ, ಅವಗ ಕೊಡ್ರಿ ಅಂದ." ಮಾಲಕರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. "ಅಂಥಾ ಜಾಬರ ತಿರಗಿ ಸಿಕ್ಕಿಲ್ಲ ನನಗ."

ಜೂನಿನಲ್ಲಿ ಶಾಲೆ ಶುರುವಾಗಿ ನಾನು ಓಣಿಗೆ ಮರಳಿದಾಗ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಬೀಗ ತೆಗೆಯುತ್ತಿದ್ದಂತೆ ಕಾಕು ಬಂದು ಬಾಗಿಲಲ್ಲಿ ನಿಂತಳು.

"ನಿಮಗ ಮೊದ್ಲ ಗೊತ್ತಿತ್ತಂತ."

"ಮೇ ತಿಂಗಳದಾಗ ಗೊತ್ತಾತ್ರಿ, ಗುಡ್ಡದಾಗ."

"ಅಂದ್ರ ಇಷ್ಟ ವರ್ಷ ನಾ ಗ್ವಾಡಿಗಿ ಮಾತಾಡಿದ್ನೇನ್ರಿ? ನಮ್ಮವ್ವ ಸತ್ತಾಗ ಒಲಿ ಮುಂದ ಕುಂತ ಎಷ್ಟ ಹೇಳಿದ್ನಿ. ನನ್ನ ಸಂಕಟಾ, ನನ್ನ ಹೊಟ್ಟಿ ಬ್ಯಾನಿ. ಹ್ಞೂಂ ಅನವಲ್ರು. ಗಂಡಸರ ಹಿಂಗ ಅಂತ ಸುಮ್ನಾದ್ನಿ. ಒಂದ ಮಾತ ಹೇಳಿದ್ರ ನಾ ಇವ್ರ ಮುಂದ ಬಂದ ಕುಂಡ್ರತಿದ್ದಿಲ್ಲೇನು?"

ಅವಳ ಹಿಂದೆ, ಎದುರು ಕಟ್ಟೆಯ ಮೇಲೆ ಕಾಕಾ ಕೂತು ನಮ್ಮ ಕಡೆಯೇ ನೋಡುತ್ತಿದ್ದರು. ಅವಳ ಬೆನ್ನು ಅವರ ಕಡೆಗಿತ್ತು. ಏನು ಹೇಳುತ್ತಿದ್ದಾಳೆಂದು ನನ್ನ ಮುಖದಿಂದ ತಿಳಿದುಕೊಳ್ಳಲು ನೋಡುತ್ತಿದ್ದರೆಂದು ಕಾಣುತ್ತದೆ.

ಓಣಿಯವರು ಬೇರೆ ಬೇರೆಯಾಗಿ ತೆಗೆದುಕೊಂಡರು. ಕೆಲವರು ಮೋಸ ಹೋದವರಂತೆ ಸಿಟ್ಟಾದರು. ಸೊಸೆಯ ಮೇಲೆ ದೂರು ಹೇಳುತ್ತಿದ್ದ ಮುದುಕಿ ಮಾತ್ರ, "ನಾ ಹೇಳಿದ್ದೆಲ್ಲಾ ಅಂವಗ ಕೇಳಿಲ್ಲಂದ್ರ ಚಲೋನ ಆತ ಬಿಡ. ಸೊಸಿ ಈಗ ಛಂದ ನಡಕೊಳ್ಳಾಕತ್ತಾಳ" ಎಂದಳು. ಇನ್ನೊಂದು ಸಂಗತಿ ನಾನೇ ಕಂಡಿದ್ದು. ಆ ವಾರವೇ ಒಂದು ಸಂಜೆ ನೇಯುವವನೊಬ್ಬ ಬಂದು ಅವರ ಕಟ್ಟೆಯ ಮೇಲೆ ಕೂತು, ತನ್ನ ಮನೆಯ ಗೋಳನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಇವರಿಗೆ ಕೇಳಿಸದೆಂದು ಅವನಿಗೆ ಗೊತ್ತಿತ್ತು. ಕಾಕಾ ಅವನ ಮುಖ ನೋಡುತ್ತ ಕೂತಿದ್ದರು. ಮುಗಿದ ಮೇಲೆ, "ಹೌದ್ರಿ. ಸ್ವಲ್ಪ ತಡೀರಿ" ಎಂದರು. ಅವನು ಟೋಪಿ ಸರಿಮಾಡಿಕೊಂಡು ಎದ್ದು ಹೋದ.

ಕೈ ಕಳೆದುಕೊಂಡ ತರುಣ ಗೇಟಿನಲ್ಲಿ ಕೂರತೊಡಗಿದ. ಅವನು ಕಾಕಾನ ಮನೆಗೆ ಬಂದದ್ದು ನಾನು ಕಾಣೆ. ಒಮ್ಮೆ ಅವನನ್ನು ಮಾತಾಡಿಸಿದೆ. "ಅವ್ರು ಹೇಳಿದ್ರಂತ ನಾ ಇಲ್ಲೆ ಉಳದೇನ್ರಿ ಸರ, ಅದು ಖರೇ. ಆದ್ರ ಕೈ ಹೋಗಿದ್ದು ಹೋತಲ್ರಿ" ಎಂದ.

ಸಂಕೇಶ್ವರದ ಬೀಗರು "ನೋಡೂಣು" ಎಂದು ಹೇಳಿಕಳಿಸಿದರು. ಮತ್ತೆ ಬರಲಿಲ್ಲ. ಮಗಳು ಎರಡು ದಿನ ಊಟ ಬಿಟ್ಟಳು. ಅವಳು ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲವೆಂದು ಕಾಕು ಹೇಳುತ್ತಿದ್ದಳು. ಅಂದಿದ್ದರೆ ಚೆನ್ನಾಗಿತ್ತು ಎಂದೂ ಹೇಳುತ್ತಿದ್ದಳು.

ಕಾಕು ಹಟ ಹಿಡಿದು ಗಂಡನನ್ನು ಕೊಲ್ಹಾಪುರದ ಕಿವಿ ಡಾಕ್ಟರರ ಹತ್ತಿರ ಕರೆದೊಯ್ದಳು. ಡಾಕ್ಟರ ಮರಾಠಿಯನ್ನು ಸರಿಯಾಗಿ ತಿಳಿದುಕೊಂಡು ಹೇಳಲು ನಾನೂ ಜೊತೆಗಿರಬೇಕೆಂದಳು. ಡಾಕ್ಟರು ಕಬ್ಬಿಣದ ಒಂದು ಸಣ್ಣ ಕವೆಯನ್ನು ಬಡಿದು ಕಿವಿಯ ಹತ್ತಿರ ಹಿಡಿದರು, ಕಾಕಾ ಇಲ್ಲವೆಂದು ತಲೆಯಾಡಿಸಿದರು. ಕಿವಿಯ ಹಿಂದಿನ ಎಲುಬಿಗೆ ಹಚ್ಚಿದರು. ಕಾಕಾ ಏನೋ ಇದೆ ಎಂಬಂತೆ ಬೆರಳು ಎತ್ತಿದರು, ಮತ್ತೆ ಇಳಿಸಿದರು. ಎಷ್ಟು ವರ್ಷದ ಕೆಲಸವೆಂದು ಡಾಕ್ಟರು ಕೇಳಿದರು. ಹೇಳಿದೆ. "ಆತಾ ಕಾಹೀ ಉಪಯೋಗ ನಾಹೀ, ಗುರುಜೀ" ಎಂದರು, ಇನ್ನು ಉಪಯೋಗವಿಲ್ಲವೆಂದು. ಮಗ್ಗದ ಸದ್ದಿಗೆ ಹೋದ ಕಿವಿ ಬರುವುದಿಲ್ಲ, ಉಳಿದಿರುವುದೂ ಹೋಗುತ್ತದೆ ಎಂದರು. ನಾನು ಕಾಕುವಿಗೆ ಮೊದಲ ಭಾಗ ಮಾತ್ರ ಹೇಳಿದೆ. ಕಾಕಾ ಡಾಕ್ಟರ ತುಟಿಯಿಂದ ಎರಡೂ ಭಾಗ ತಿಳಿದುಕೊಂಡಿದ್ದರೆಂದು ಅವರ ಮುಖ ನೋಡಿ ಅನ್ನಿಸಿತು. ಅವರ ಮರಾಠಿ ನನ್ನದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಕಾಕು ಕಿಟಕಿಯ ಕಡೆ ತಿರುಗಿ ಕೂತಳು. ಅಷ್ಟು ಹೊತ್ತು ಅವಳು ಮಾತಾಡದೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಹಾತಕಣಂಗಲೆ ಬರುವ ಮುಂಚೆ ಕಾಕಾ ಅವಳ ಭುಜ ಮುಟ್ಟಿದರು.

"ಮಾತಾಡು. ನಾ ನೋಡತೇನಿ."

ಅವಳು ತಿರುಗಿದಳು. ಕಣ್ಣು ಒರೆಸಿಕೊಂಡು, "ಈ ಬಸ್ಸಿನ ಗದ್ಲದಾಗ ಏನ ಮಾತಾಡೂದು" ಎಂದಳು. ಕಾಕಾ ಗಟ್ಟಿಯಾಗಿ ನಕ್ಕರು. ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು.

ದೀಪಾವಳಿಯ ಹೊತ್ತಿಗೆ ಅವರು ಮನೆ ಖಾಲಿ ಮಾಡಿ ಅಕ್ಕನ ಹಳ್ಳಿಗೆ ಹೋದರು. ಅಕ್ಕನಿಗೆ ಮಕ್ಕಳಿರಲಿಲ್ಲ, ಹೊಲ ನೋಡಿಕೊಳ್ಳಲು ಆಳು ಬೇಕಾಗಿತ್ತು. ಮಗಳಿಗೆ ಮರುವರ್ಷ ಕೊಲ್ಹಾಪುರದಲ್ಲಿ ಸಂಬಂಧ ಕೂಡಿಬಂತು, ಬಸ್ ಕಂಡಕ್ಟರ್. ಹುಡುಗನ ತಾಯಿ ಸ್ವತಃ ನೂಲಿನ ಗಿರಣಿಯಲ್ಲಿ ದುಡಿದವಳು. ಕಿವಿಯ ಮಾತು ತೆಗೆದಾಗ, "ನಮ್ಮ ಗಿರಣ್ಯಾಗ ಯಾರಿಗಿ ಐತಿ ಕಿವಿ?" ಎಂದು ತಾನೇ ಆ ಮಾತು ಮುಗಿಸಿದಳಂತೆ. ಎದುರು ಮನೆಗೆ ಬೇರೆ ಬಾಡಿಗೆಯವರು ಬಂದರು. ಆ ಕಟ್ಟೆಯ ಮೇಲೆ ಅವರು ಸೈಕಲ್ ನಿಲ್ಲಿಸುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅದಾದ ಕೆಲವು ವರ್ಷಗಳ ಮೇಲೆ, ಮತ್ತೊಂದು ಮೇ ತಿಂಗಳಲ್ಲಿ. ಹಳ್ಳಿಯ ಮನೆಯಲ್ಲಿ ಅಕ್ಕ ಒಬ್ಬರೇ ಮೆಣಸಿನಕಾಯಿ ತುಂಬಿಡುತ್ತಿದ್ದರು. "ಇಬ್ಬರೂ ಗುಡಿಗಿ ಹೋಗ್ಯಾರ" ಎಂದರು. ಇಬ್ಬರೂ ಎಂದದ್ದು ನನಗೆ ಆಶ್ಚರ್ಯವೆನಿಸಿತು. ಮೋಡ ಆಗಲೇ ಕಪ್ಪಾಗಿತ್ತು. ನಾನು ಹನಿಗಳ ನಡುವೆ ಓಡುತ್ತ ಗುಡ್ಡ ಹತ್ತಿ ಮಂಟಪದ ಒಂದು ಪಕ್ಕಕ್ಕೆ ಸೇರಿದೆ. ಅವರಿಗೆ ನಾನು ಬಂದದ್ದು ತಿಳಿಯಲಿಲ್ಲ; ಮಳೆಯ ರಭಸಕ್ಕೆ ಕಾಕುವಿಗೂ ಕೇಳಿಸಿರಲಿಲ್ಲ.

ಕಾಕು ಕಂಬಳಿ ಹೊದ್ದು, ಕಂಬಕ್ಕೆ ಒರಗಿ, ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದಳು. ಮಿಂಚಿದಾಗೆಲ್ಲ ಬೆಚ್ಚಿಬೀಳುತ್ತಿದ್ದಳು. ಆದರೂ ಎದ್ದು ಹೋಗಲಿಲ್ಲ. ಗುಡುಗು ಬಂದು ಹೋದ ಮೇಲೆ ಕಾಕಾ ಕೇಳುತ್ತಿದ್ದರು, "ಹೆಂಗಿತ್ತು?"

"ಖಾಲಿ ಬಂಡಿ ಕಲ್ಲಿನ ಮ್ಯಾಲಿಂದ ಹೋದಂಗ" ಎಂದಳು, ತುಟಿ ಬಿಡಿಸಿ.

ಇನ್ನೊಂದು ಬಂತು. "ಇದು?"

"ಇದು ಸಣ್ಣದ. ಹಂಡೆ ಉಳ್ಳಿಸಿದಂಗ, ಬಾಜೂ ಮನ್ಯಾಗ."

ಮುಂದಿನದು ನೇರ ನೆತ್ತಿಯ ಮೇಲೆ ಬಿತ್ತು. ಮಂಟಪದ ಕಲ್ಲು ಅದುರಿತು. ಕಾಕು ಕಣ್ಣು ಮುಚ್ಚಿ ಎರಡೂ ಕೈಯಿಂದ ಕಂಬಳಿ ಬಿಗಿಹಿಡಿದಳು. ಅವರು ಕಾದರು. ಅವಳು ಕಣ್ಣು ಬಿಟ್ಟು, ಉಸಿರು ತೆಗೆದುಕೊಂಡು, ಹೇಳಲು ಶುರುಮಾಡಿದಳು. ಈ ಸಲ ಉದ್ದವಾಗಿ ಹೇಳಿದಳು. ಮಳೆ ಇನ್ನೂ ಜೋರಾಗಿತ್ತು, ನನಗೆ ಕೇಳಲಿಲ್ಲ. ಮಿಂಚಿನ ಬೆಳಕಿನಲ್ಲಿ ಅವಳ ಬಾಯಿ ಆಡುತ್ತಿರುವುದಷ್ಟೇ ಕಂಡಿತು. ಕಾಕಾ ಗುಡ್ಡಕ್ಕೂ ಮೋಡಕ್ಕೂ ಬೆನ್ನು ಮಾಡಿ, ಅವಳ ಎದುರು ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಅವಳ ಮುಖವನ್ನೇ ನೋಡುತ್ತಿದ್ದರು.